ನಾಲ್ಕು ಸಕ್ಕರೆ, ಒಂದು ಯೀಸ್ಟ್: ಬೆಳಗಾವಿ–ಖಾನಾಪುರದ ಹುದುಗಿನ ಕಸುಬುಗಳು ಮತ್ತು ಕೋಶಕೇಂದ್ರದ ಅರಿವು

ನೆಲ ಮತ್ತು ಕಸುಬು

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ದಡದಲ್ಲಿರುವ ಖಾನಾಪುರವು ಬಯಲಿನ ಹೊಲಗಳೂ ಸಹ್ಯಾದ್ರಿಯ ಕಾಡೂ ಕೂಡುವ ಎಡೆಯಾಗಿದೆ. ತಾಲ್ಲೂಕಿನ ಪಶ್ಚಿಮದ ಅಂಚಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಬಯಲನ್ನು ಸೇರುತ್ತದೆ. ಅದೇ ಅಂಚಿನಿಂದ ಘಟ್ಟ ಇಳಿದರೆ ಗೋವಾ ಸಿಗುತ್ತದೆ. ಕಾಡು, ಬಯಲು, ದಂಡಿನ ಊರು ಮತ್ತು ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಗಡಿ ಇಷ್ಟು ಹತ್ತಿರ ಇದ್ದುದರಿಂದಲೇ ಹುದುಗಿನ ಹಲವು ಕಸುಬುಗಳು ಇಲ್ಲಿ ಒಂದರ ಪಕ್ಕದಲ್ಲೊಂದು ನೆಲೆಗೊಂಡವು: ಕಾಡಂಚಿನ ಬೈನಿ ಮತ್ತು ಈಚಲು ಮರಗಳಿಂದ ಇಳಿಸುವ ಹೆಂಡ, ಘಟ್ಟದ ಮೇಲಿನ ಗೇರುಹಣ್ಣಿನ ರಸ, ಬೆಳಗಾವಿಯ ಕ್ಯಾಂಪ್ ಪ್ರದೇಶದ ಬೇಕರಿಗಳ ಬ್ರೆಡ್ಡು ಮತ್ತು ಪಾವ್, ಬಯಲಿನ ಕಬ್ಬಿನಿಂದ ಬಂದ ಬೆಲ್ಲ ಮತ್ತು ಕಾಕಂಬಿಯ ಮದ್ಯಸಾರ.

ಈ ಕಸುಬುಗಳನ್ನು ನಡೆಸಿದ ಜನ ಬೇರೆ, ಭಾಷೆ ಬೇರೆ, ಗಿರಾಕಿಗಳು ಬೇರೆ. ಆದರೆ ಕೆಲಸ ಮಾಡುವ ಜೀವಿ ಬಹುಮಟ್ಟಿಗೆ ಒಂದೇ. ಅದು ಯೀಸ್ಟ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು ಅಗಲದ, ಒಂದೇ ಕೋಶದ ಶಿಲೀಂಧ್ರ. ಸಸ್ಯಗಳ ರಸದಲ್ಲಿ ಹಲವು ಬಗೆಯ ಕಾಡುಯೀಸ್ಟುಗಳು ಇರುತ್ತವೆಯಾದರೂ ಹುದುಗು ಬಲಿತಂತೆ ಮೇಲುಗೈ ಪಡೆಯುವುದು ವಿಜ್ಞಾನಿಗಳು ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂದು ಕರೆಯುವ ಪ್ರಭೇದ. ಇದು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತದೆ. ಭಟ್ಟಿಯವನಿಗೆ ಮೊದಲನೆಯದು ಬೇಕು, ಬೇಕರಿಯವನಿಗೆ ಎರಡನೆಯದು. ಆದರೆ ನಾಲ್ಕು ಕಸುಬುಗಳೂ ಯೀಸ್ಟಿನ ಮುಂದೆ ಇಡುತ್ತಿದ್ದ ಸಕ್ಕರೆ ಒಂದೇ ಆಗಿರಲಿಲ್ಲ. ಹೆಂಡದ ಮರದ ರಸದಲ್ಲಿ ಮತ್ತು ಕಬ್ಬಿನ ಹಾಲಿನಲ್ಲಿ ಹೆಚ್ಚಾಗಿರುವುದು ಸುಕ್ರೋಸ್. ಗೇರುಹಣ್ಣಿನಲ್ಲಿ ಹೆಚ್ಚಾಗಿರುವುದು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಗೋಧಿಹಿಟ್ಟನ್ನು ನಾದಿದಾಗ ಅದರ ಪಿಷ್ಟ ಒಡೆದು ಹುಟ್ಟುವುದು ಮಾಲ್ಟೋಸ್. ಈ ನಾಲ್ಕರಲ್ಲಿ ಯಾವುದನ್ನು ಮೊದಲು ತಿನ್ನಬೇಕು, ಯಾವುದನ್ನು ಆಮೇಲೆ ಎಂಬುದನ್ನು ಯೀಸ್ಟ್ ತಾನೇ ಗೊತ್ತುಮಾಡುತ್ತದೆ.

ಹುದುಗಿನ ಕಸುಬುಗಳ ಇತಿಹಾಸವನ್ನು ಸಾಮಾನ್ಯವಾಗಿ ಕಾನೂನು, ತೆರಿಗೆ ಮತ್ತು ಕುಲಕಸುಬುಗಳ ಕಡೆಯಿಂದ ಬರೆಯಲಾಗಿದೆ. ಆ ಬರವಣಿಗೆಯಲ್ಲಿ ಯೀಸ್ಟಿನ ಆಯ್ಕೆಗೆ ಜಾಗ ಸಿಕ್ಕಿದ್ದು ಕಡಮೆ, ಏಕೆಂದರೆ ಅದು ಎಲ್ಲಿ ನಡೆಯುತ್ತದೆ ಎಂಬುದೇ 20ನೇ ಶತಮಾನದ ಕೊನೆಯವರೆಗೆ ಸ್ಪಷ್ಟವಿರಲಿಲ್ಲ. ಅದು ನಡೆಯುವುದು ಯೀಸ್ಟಿನ ಕೋಶಕೇಂದ್ರದಲ್ಲಿ, ಅಂದರೆ ಡಿಎನ್‌ಎಯನ್ನು ಪೊರೆಯಿಂದ ಸುತ್ತಿಟ್ಟ ಕೋಣೆಯಲ್ಲಿ. ಆ ಕೋಣೆಯೊಳಗೆ ಯಾವ ಪ್ರೋಟೀನು ಹೋಗುತ್ತದೆ, ಯಾವುದು ಹೊರಗೆ ಬರುತ್ತದೆ ಎಂಬುದರ ಮೇಲೆ ಆ ಆಯ್ಕೆ ನಿಂತಿದೆ. ಗಡಿನಾಡಿನ ಕಸುಬುಗಳ ಚರಿತ್ರೆಯನ್ನೂ ಈ ಅರಿವಿನ ಚರಿತ್ರೆಯನ್ನೂ ಒಟ್ಟಿಗೆ ಓದಿದಾಗ, ಕಸುಬಿನವರು ಕೈಯಿಂದ ಕಲಿತ ಹಲವು ಕಟ್ಟಳೆಗಳಿಗೆ ಕಾರಣ ಸಿಗುತ್ತದೆ.

ಹೆಂಡ, ಗೇರು, ಪಾವ್

ಹೆಂಡ, ಗೇರು, ಪಾವ್ ಈ ಮೂರರಲ್ಲಿ ಹಳೆಯದು ಹೆಂಡ. ಮರದ ಹೊಂಬಾಳೆಯನ್ನೋ ಕಾಂಡವನ್ನೋ ಗಾಯಮಾಡಿ ಮಡಿಕೆ ಕಟ್ಟಿದರೆ ಇಳಿಯುವ ಸಿಹಿರಸವು ಕೆಲವೇ ಗಂಟೆಗಳಲ್ಲಿ ನೊರೆಗಟ್ಟಿ ಹುಳಿಯಾಗುತ್ತದೆ. ಯಾರೂ ಹುದುಗು ಸೇರಿಸಬೇಕಾಗಿಲ್ಲ. ಗಾಳಿಯಿಂದ, ಕೀಟಗಳಿಂದ ಬರುವ ಯೀಸ್ಟಿನ ಜೊತೆಗೆ ಮಡಿಕೆಯ ಒಳಮೈಯಲ್ಲಿ ಉಳಿದ ಯೀಸ್ಟೂ ಇದಕ್ಕೆ ಕಾರಣ. ಇಟ್ಟಿಗೆ, ಹೆಂಚು ಮತ್ತು ಮಡಿಕೆಗಳಿಗೆ ಹೆಸರಾದ ಖಾನಾಪುರದ ಮಣ್ಣಿನಂಥ ಜೇಡಿಯಿಂದ ಸುಟ್ಟ ಪಾತ್ರೆಗೆ ಸಣ್ಣ ಸಣ್ಣ ರಂಧ್ರಗಳಿರುವುದರಿಂದ, ತೊಳೆದರೂ ನಿನ್ನೆಯ ಯೀಸ್ಟ್ ಪೂರ್ತಿ ಹೋಗುವುದಿಲ್ಲ. ಹುದುಗಬಾರದೆಂದರೆ ಮಡಿಕೆಗೆ ಸುಣ್ಣ ಬಳಿಯಬೇಕು. ಹಾಗೆ ಇಳಿಸಿದ ಸಿಹಿರಸವೇ ನೀರಾ.

ಗೇರು ಇಲ್ಲಿನ ಮರವಲ್ಲ. ಬ್ರೆಜಿಲಿನಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದ ಈ ಗಿಡ ಗೋವಾದಿಂದ ಘಟ್ಟದ ಮೇಲಕ್ಕೂ ಹಬ್ಬಿ, ಖಾನಾಪುರದ ಪಶ್ಚಿಮದ ಹಳ್ಳಿಗಳ ಬೇಸಿಗೆಯ ಬೆಳೆಯಾಯಿತು. ಗೋವಾದಲ್ಲಿ ಹಣ್ಣನ್ನು ತುಳಿದು ರಸ ತೆಗೆದು, ಅದನ್ನು ತಾನಾಗಿ ಹುದುಗಲು ಬಿಟ್ಟು, ಮೊದಲ ಸಲ ಭಟ್ಟಿ ಇಳಿಸಿದಾಗ ಉರಾಕ್, ಮತ್ತೊಮ್ಮೆ ಇಳಿಸಿದಾಗ ಫೆನ್ನಿ ಸಿಗುತ್ತದೆ. ಹಣ್ಣಿನ ಸಕ್ಕರೆ ಹೆಚ್ಚಿನಂಶ ಗ್ಲೂಕೋಸ್ ಮತ್ತು ಫ್ರಕ್ಟೋಸ್ ರೂಪದಲ್ಲೇ ಇರುವುದರಿಂದ ಯೀಸ್ಟ್ ಅದನ್ನು ಮೊದಲು ಒಡೆಯಬೇಕಾದ ಶ್ರಮವಿಲ್ಲ. ಗೋವಾದ ಫೆನ್ನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಗಡಿಯ ಈಚೆ ಅದೇ ಹಣ್ಣು, ಅದೇ ಯೀಸ್ಟ್ ಇದ್ದರೂ ಬೀಜದ ವ್ಯಾಪಾರವೇ ಮುಖ್ಯವಾಗಿ, ಹಣ್ಣಿನ ಉದ್ಯಮ ಆ ಮಟ್ಟಕ್ಕೆ ಬೆಳೆಯಲಿಲ್ಲ. ಈ ವ್ಯತ್ಯಾಸ ಹುಟ್ಟಿದ್ದು ನೆಲದಿಂದಲ್ಲ, ಆಳ್ವಿಕೆಯಿಂದ.

ಬ್ರೆಡ್ಡು ಬಂದದ್ದು ದಂಡಿನ ಜೊತೆ. 1818ರ ಏಪ್ರಿಲ್‌ನಲ್ಲಿ ಬೆಳಗಾವಿಯ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಊರು ದೊಡ್ಡ ದಂಡಿನ ನೆಲೆಯಾಯಿತು, ಕೋಟೆಯ ಪಶ್ಚಿಮಕ್ಕೆ ಕ್ಯಾಂಪ್ ಬೆಳೆಯಿತು. ಗೋರಾ ಸಿಪಾಯಿಗಳಿಗೆ ದಿನವೂ ಬ್ರೆಡ್ಡು ಬೇಕಿತ್ತು. ಗೋವಾದ ಕ್ರೈಸ್ತರಲ್ಲಿ ಪಾವ್ ಸುಡುವ ಕಸುಬು ಆಗಲೇ ಬೇರೂರಿತ್ತು. ಆ ಕಾಲದಲ್ಲಿ ಪೊಟ್ಟಣದ ಯೀಸ್ಟ್ ಇರಲಿಲ್ಲವಾದ್ದರಿಂದ ಗೋವಾದ ಪಾವಿಗೂ ಭಾರತದಲ್ಲಿದ್ದ ಇಂಗ್ಲಿಷರ ಬ್ರೆಡ್ಡಿಗೂ ಹುದುಗಾಗಿ ಹೆಂಡವನ್ನೇ ಬಳಸುತ್ತಿದ್ದರು. ಹೀಗೆ ಮರದ ರಸದ ಸುಕ್ರೋಸಿನಲ್ಲಿ ಬೆಳೆದ ಯೀಸ್ಟ್ ಗೋಧಿಯ ಮಾಲ್ಟೋಸಿಗೆ ಬಂದು ಬೀಳುತ್ತಿತ್ತು. ಹೊಸ ಸಕ್ಕರೆಗೆ ಹೊಂದಿಕೊಳ್ಳಲು ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಹಿಟ್ಟನ್ನು ರಾತ್ರಿಯೇ ನಾದಿ, ನಸುಕಿನಲ್ಲಿ ಸುಡುವ ವಾಡಿಕೆ ಆ ಹೊತ್ತಿಗೂ ಹೊಂದುತ್ತಿತ್ತು.

ಅಬಕಾರಿಯಿಂದ ಪಾನನಿಷೇಧಕ್ಕೆ

ಬೆಳಗಾವಿ ಜಿಲ್ಲೆ 1836ರಲ್ಲಿ ಧಾರವಾಡದಿಂದ ಬೇರೆಯಾಯಿತು ಮತ್ತು 1956ರವರೆಗೆ ಮುಂಬಯಿ ಆಡಳಿತದಲ್ಲೇ ಇತ್ತು. ಹೀಗಾಗಿ ಇಲ್ಲಿನ ಹೆಂಡ–ಸಾರಾಯಿಗಳನ್ನು ಆಳಿದ್ದು 1878ರ ಮುಂಬಯಿ ಅಬಕಾರಿ ಕಾಯಿದೆ. ಹಳ್ಳಿ ಹಳ್ಳಿಯ ಸಣ್ಣ ಭಟ್ಟಿಗಳನ್ನು ಮುಚ್ಚಿಸಿ ಮದ್ಯ ಇಳಿಸುವುದನ್ನು ಕೆಲವೇ ಕೇಂದ್ರ ಭಟ್ಟಿಗಳಿಗೆ ಸೀಮಿತಗೊಳಿಸುವುದು, ಇಳಿಸುವ ಮರಕ್ಕೆ ಮರದ ತೆರಿಗೆ ಹಾಕುವುದು, ಮಾರುವ ಹಕ್ಕನ್ನು ಮಕ್ತೇದಾರರಿಗೆ ಹರಾಜಿನಲ್ಲಿ ಕೊಡುವುದು ಆ ವ್ಯವಸ್ಥೆಯ ಮೂರು ಕಂಬಗಳು. ಅದೇ ವರ್ಷದ ಡಿಸೆಂಬರ್ 26ರಂದು ಬ್ರಿಟನ್ನೂ ಪೋರ್ಚುಗಲ್ಲೂ ಮಾಡಿಕೊಂಡ ಒಪ್ಪಂದ ಗಡಿಯ ಎರಡೂ ಬದಿಗಳನ್ನು ಒಂದೇ ಸುಂಕದ ಕಟ್ಟಿಗೆ ತಂದು, ಉಪ್ಪು ಮತ್ತು ಅಬಕಾರಿಯ ವಿಷಯದಲ್ಲಿ ಮುಂಬಯಿಯ ಪದ್ಧತಿಯನ್ನು ಗೋವಾಕ್ಕೂ ವಿಸ್ತರಿಸಿತು. ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ರೈಲುಮಾರ್ಗಕ್ಕೂ ಇದೇ ಒಪ್ಪಂದ ದಾರಿಮಾಡಿತು; 1880ರ ದಶಕದ ಕೊನೆಯ ಹೊತ್ತಿಗೆ ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ ಆಯಿತು. ಒಪ್ಪಂದ 1892ರಲ್ಲಿ ಮುಗಿದಾಗ ಗಡಿ ಮತ್ತೆ ಸುಂಕದ ಗಡಿಯಾಗಿ, ಘಟ್ಟದ ದಾರಿಗಳಲ್ಲಿ ನಾಕಾಗಳಿಗೆ ಮತ್ತೆ ಕೆಲಸ ಬಂತು.

ಸ್ವಾತಂತ್ರ್ಯಾನಂತರ ಈ ನೆಲದಲ್ಲಿ ಮದ್ಯವೇ ಅಪರಾಧವಾಯಿತು. 1949ರ ಮುಂಬಯಿ ಪಾನನಿಷೇಧ ಕಾಯಿದೆಯ ಅಡಿಯಲ್ಲಿ ಮರುವರ್ಷ ಪೂರ್ಣ ಪಾನನಿಷೇಧ ಜಾರಿಯಾದಾಗ, ಖಾನಾಪುರದ ಬೆಟ್ಟದಾಚೆ ಪೋರ್ಚುಗೀಸ್ ಗೋವಾದಲ್ಲಿ ಫೆನ್ನಿ ನಿರಾತಂಕವಾಗಿ ಇಳಿಯುತ್ತಿತ್ತು. ಕಾಯಿದೆ ಹುದುಗದ ನೀರಾವನ್ನೂ ಹುದುಗಿದ ಹೆಂಡವನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಒಂದಕ್ಕೆ ಅನುಮತಿ ಕೊಟ್ಟು ಇನ್ನೊಂದನ್ನು ನಿಷೇಧಿಸಿತು; ಅಂದರೆ ಕಾನೂನಿನ ಗೆರೆಯನ್ನು ಎಳೆದದ್ದು ಯೀಸ್ಟಿನ ಕೆಲವು ಗಂಟೆಗಳ ಕೆಲಸದ ಮೇಲೆ. ಇಪ್ಪೆಹೂವು ಮತ್ತು ಕಾಕಂಬಿಗಳ ಸಂಗ್ರಹವೂ ನಿಯಂತ್ರಣಕ್ಕೆ ಒಳಪಟ್ಟಿತು. ಆದರೆ ಮನೆ ಮನೆಯ ಅಡುಗೆಗೆ ಬೇಕಾದ ಬೆಲ್ಲವನ್ನು ತಡೆಯುವುದು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲವಾದ್ದರಿಂದ, ಕಬ್ಬಿನ ನಾಡಿನಲ್ಲಿ ಬೆಲ್ಲದ ಕೊಳೆಯಿಂದ ಕಳ್ಳಭಟ್ಟಿ ಇಳಿಸುವುದು ಕಾನೂನಿಗೆ ಕೊನೆಯವರೆಗೂ ತಲೆನೋವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು, 1965ರ ಅಬಕಾರಿ ಕಾಯಿದೆ ಜಾರಿಗೆ ಬಂದು 1967ರಲ್ಲಿ ಪಾನನಿಷೇಧ ತೆರವಾಯಿತು. ನಾಲ್ಕು ದಶಕಗಳ ನಂತರ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ಮತ್ತೆ ನಿಷಿದ್ಧವಾಯಿತು.

ಇಷ್ಟು ಆಳ್ವಿಕೆಗಳು ಬದಲಾದರೂ ಮಡಿಕೆಯ, ಕೊಳೆಯ, ಹಿಟ್ಟಿನ ಒಳಗಿನ ಕಟ್ಟಳೆ ಒಂದೇ ಇತ್ತು: ಗ್ಲೂಕೋಸ್ ಇರುವಷ್ಟು ಹೊತ್ತು ಯೀಸ್ಟ್ ಬೇರೆ ಸಕ್ಕರೆಗಳನ್ನು ಬದಿಗಿಡುತ್ತದೆ, ಅದು ಮುಗಿದ ಮೇಲೆ ಸ್ವಲ್ಪ ತಡೆದು ಮುಂದಿನದಕ್ಕೆ ಕೈಹಾಕುತ್ತದೆ.

ಕೇಂದ್ರವನ್ನು ಕಾಣುವ ಯತ್ನ

ಯೀಸ್ಟ್ ಜೀವಿಯೇ ಎಂಬುದು ಕೂಡ ತಡವಾಗಿ ತಿಳಿದ ಸಂಗತಿ. 1680ರಲ್ಲಿ ಡಚ್ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹುಕ್ ತನ್ನ ಮಸೂರದ ಅಡಿ ಬಿಯರಿನ ಯೀಸ್ಟಿನ ಗುಂಡು ಗುಂಡಾದ ಕಣಗಳನ್ನು ಕಂಡನು. ಅವು ಮೊಳೆತು ಬೆಳೆಯುವ ಜೀವಿಗಳು ಎಂದು 1837ರ ಸುಮಾರಿಗೆ ಕಾನ್ಯಾರ್–ಲಾತೂರ್, ಶ್ವಾನ್ ಮತ್ತು ಕ್ಯೂಟ್ಸಿಂಗ್ ಬೇರೆ ಬೇರೆಯಾಗಿ ಹೇಳಿದರು. ಹುದುಗುವಿಕೆ ಜೀವಂತ ಯೀಸ್ಟಿನ ಕೆಲಸ ಎಂದು 1850ರ ದಶಕದ ಕೊನೆಯಿಂದ ಪಾಶ್ಚರ್ ಸಾಧಿಸಿ ತೋರಿಸಿದನು. 1860ರಲ್ಲಿ ಬರ್ತಲೊ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವನ್ನು, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನನ್ನು, ಯೀಸ್ಟಿನಿಂದ ಬೇರ್ಪಡಿಸಿದನು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸನ್ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಿಯರ್ ತಯಾರಿಕೆಗೆ ತಂದನು. ಮುಂಬಯಿ ಸರ್ಕಾರ ಭಟ್ಟಿಗಳನ್ನು ಒಂದೆಡೆ ಸೇರಿಸುತ್ತಿದ್ದುದೂ ಹ್ಯಾನ್ಸನ್ನಿನ ಈ ಕೆಲಸದ ಕಾಲದಲ್ಲೇ. ಆದರೆ ಆ ಸರ್ಕಾರದ ಕಣ್ಣು ಮದ್ಯದ ಪ್ರಮಾಣ ಮತ್ತು ಕಟುತ್ವದ ಮೇಲಿತ್ತೇ ಹೊರತು ಅದನ್ನು ಮಾಡುವ ಜೀವಿಯ ಮೇಲಲ್ಲ.

ಸಸ್ಯಕೋಶದ ಕೇಂದ್ರವನ್ನು ರಾಬರ್ಟ್ ಬ್ರೌನ್ 1831ರಲ್ಲೇ ಗುರುತಿಸಿದ್ದರೂ ಯೀಸ್ಟಿನ ಕೇಂದ್ರವನ್ನು ಕಾಣುವುದು ಸುಲಭವಿರಲಿಲ್ಲ. ಅದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು. ಪಕ್ಕದಲ್ಲೇ ಅದಕ್ಕಿಂತ ಎದ್ದು ಕಾಣುವ ರಸಕುಹರ, ಅಂದರೆ ದ್ರವ ತುಂಬಿದ ಚೀಲ ಇರುತ್ತದೆ. ಅಮೆರಿಕದ ಯೀಸ್ಟ್ ತಳಿಶಾಸ್ತ್ರಜ್ಞ ಕಾರ್ಲ್ ಲಿಂಡೆಗ್ರೆನ್ ಈ ಕುಹರವೇ ಕೇಂದ್ರದ ಭಾಗವೆಂದು ವಾದಿಸಿದ್ದರು. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಕೆ. ಸುಬ್ರಮಣ್ಯಂ ಮತ್ತು ಅವರ ಸಹೋದ್ಯೋಗಿಗಳು ಯೀಸ್ಟ್ ಕೋಶಗಳಿಗೆ ಬಣ್ಣ ಹಾಯಿಸಿ, ಅವುಗಳ ಕೇಂದ್ರವನ್ನೂ ವರ್ಣತಂತುಗಳನ್ನೂ ಸೂಕ್ಷ್ಮದರ್ಶಕದಲ್ಲಿ ಹುಡುಕುವ ಕೆಲಸ ಕೈಗೊಂಡು ವರ್ಷಗಟ್ಟಲೆ ಪ್ರಬಂಧಗಳನ್ನು ಪ್ರಕಟಿಸಿದರು. ಇಂದಿನ ಕರ್ನಾಟಕದ ನೆಲದಲ್ಲಿ ಯೀಸ್ಟಿನ ಕೇಂದ್ರವನ್ನೇ ವಿಷಯವಾಗಿಟ್ಟುಕೊಂಡು ನಡೆದ ಆರಂಭದ ಸಂಶೋಧನೆ ಅದು. ಬೆಳಕಿನ ಸೂಕ್ಷ್ಮದರ್ಶಕದ ಮಿತಿಯಲ್ಲಿ ಈ ವಿವಾದಗಳು ತೀರುವಂತಿರಲಿಲ್ಲ. 1950ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಉಭಯವಾಸಿಗಳ ಮೊಟ್ಟೆಯ ಕೇಂದ್ರದ ಪೊರೆಯಲ್ಲಿ ರಂಧ್ರಗಳನ್ನು ಕಂಡರು. 1963ರಲ್ಲಿ ಮೂರ್ ಮತ್ತು ಮ್ಯೂಲೆಥಾಲರ್ ಯೀಸ್ಟನ್ನು ಥಟ್ಟನೆ ಹೆಪ್ಪುಗಟ್ಟಿಸಿ ಸೀಳಿ ನೋಡಿದಾಗ ಅದರ ಕೇಂದ್ರದ ಪೊರೆಯಲ್ಲೂ ಅಂಥವೇ ರಂಧ್ರಗಳು ಸ್ಪಷ್ಟವಾಗಿ ಕಂಡವು.

ರಂಧ್ರ, ಗುರುತು, ವಾಹಕ

ರಂಧ್ರಗಳು ಕಂಡ ಮೇಲೆ ಅವುಗಳ ಮೂಲಕ ಏನು ಹಾಯುತ್ತದೆ ಎಂಬ ಪ್ರಶ್ನೆ ಬಂತು. ಪ್ರೋಟೀನುಗಳೆಲ್ಲ ತಯಾರಾಗುವುದು ಕೇಂದ್ರದ ಹೊರಗಿನ ಕೋಶದ್ರವ್ಯದಲ್ಲಿ. ಆದರೆ ಡಿಎನ್‌ಎಯನ್ನು ನಕಲಿಸುವ, ಸುತ್ತಿಡುವ, ಅದರ ಜೀನುಗಳನ್ನು ಚಾಲೂ ಮಾಡುವ ಮತ್ತು ತಡೆಯುವ ಪ್ರೋಟೀನುಗಳು ಕೆಲಸ ಮಾಡಬೇಕಾದದ್ದು ಒಳಗೆ. ಮನುಷ್ಯನ ಕೋಶ ಇಬ್ಭಾಗವಾಗುವಾಗ ಕೇಂದ್ರದ ಪೊರೆ ಕಳಚಿಬಿದ್ದು ಮತ್ತೆ ಕಟ್ಟಿಕೊಳ್ಳುತ್ತದೆ. ಯೀಸ್ಟಿನಲ್ಲಿ ಪೊರೆ ಎಂದೂ ಒಡೆಯುವುದಿಲ್ಲವಾದ್ದರಿಂದ ಒಳಗಿನ ಪ್ರತಿಯೊಂದು ಪ್ರೋಟೀನೂ ರಂಧ್ರದ ದಾರಿಯಲ್ಲೇ ಹೋಗಬೇಕು. ಈ ಕಟ್ಟುನಿಟ್ಟು, ಜೀನುಗಳನ್ನು ಬೇಕಾದಂತೆ ಬದಲಿಸುವ ಸೌಕರ್ಯ ಮತ್ತು ಒಂದೂವರೆ–ಎರಡು ಗಂಟೆಗೊಮ್ಮೆ ಇಮ್ಮಡಿಸುವ ಬೆಳವಣಿಗೆ, ಇವು ಯೀಸ್ಟನ್ನು ಈ ಸಂಶೋಧನೆಗೆ ಹೇಳಿಮಾಡಿಸಿದ ಜೀವಿಯನ್ನಾಗಿಸಿದವು.

1984 ಈ ಚರಿತ್ರೆಯ ತಿರುವಿನ ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಹಾಲ್, ಲಿನ್ ಹೆರೆಫೋರ್ಡ್ ಮತ್ತು ಐರಾ ಹರ್ಸ್ಕೊವಿಟ್ಸ್ ಅವರು ಯೀಸ್ಟಿನ ಆಲ್ಫಾ–2 ಎಂಬ ಪ್ರೋಟೀನಿನ ಆರಂಭದ ತುಂಡನ್ನು ಒಂದು ಬ್ಯಾಕ್ಟೀರಿಯಾದ ದೊಡ್ಡ ಕಿಣ್ವಕ್ಕೆ ಜೋಡಿಸಿದರು. ತಾನಾಗಿ ಎಂದೂ ಕೇಂದ್ರದೊಳಗೆ ಹೋಗಲಾರದ ಆ ಕಿಣ್ವ, ಕೇವಲ 13 ಅಮೈನೊ ಆಮ್ಲಗಳ ಜೋಡಣೆಯಿಂದ ಒಳಗೆ ಹೋಯಿತು. ಅಮೈನೊ ಆಮ್ಲಗಳೆಂದರೆ ಪ್ರೋಟೀನಿನ ಸರಪಳಿಯ ಕೊಂಡಿಗಳು. ಅದೇ ವರ್ಷ ಪಮೇಲಾ ಸಿಲ್ವರ್, ಕೀಗನ್ ಮತ್ತು ಮಾರ್ಕ್ ಟಾಶ್ನೆ ಅವರು ಗ್ಯಾಲ್–4 ಎಂಬ ಪ್ರೋಟೀನಿನ ಆರಂಭದ ತುದಿಗೂ ಇಂಥದೇ ಶಕ್ತಿಯಿದೆಯೆಂದು ತೋರಿಸಿದರು. ಹಾಲಿನ ಸಕ್ಕರೆಯ ಒಂದು ಅಂಶವಾದ ಗ್ಯಾಲಕ್ಟೋಸನ್ನು ಬಳಸುವ ಜೀನುಗಳನ್ನು ಚಾಲೂ ಮಾಡುವುದು ಈ ಗ್ಯಾಲ್–4ರ ಕೆಲಸ. ಹೀಗೆ ಕೇಂದ್ರಪ್ರವೇಶದ ಯೀಸ್ಟ್ ಸಂಶೋಧನೆ ಮೊದಲಿನಿಂದಲೂ ಸಕ್ಕರೆಯ ಆಯ್ಕೆಯ ಪ್ರಶ್ನೆಯೊಂದಿಗೆ ಹೆಣೆದುಕೊಂಡಿತ್ತು. ಪ್ರಾಣಿಕೋಶಗಳಲ್ಲಿ ಕಂಡುಬಂದ ಇಂಥ ಗುರುತುಗಳಲ್ಲಿ ಹೆಸರಾದದ್ದು ಏಳು ಅಮೈನೊ ಆಮ್ಲಗಳದು, ಅವುಗಳಲ್ಲಿ ಐದು ಲೈಸೀನ್ ಅಥವಾ ಅರ್ಜಿನೀನ್ ಎಂಬ ಧನವಿದ್ಯುದಂಶದವು. ಘಟ್ಟದ ನಾಕಾದಲ್ಲಿ ಸರಕು ಎಷ್ಟೇ ದೊಡ್ಡದಿರಲಿ ಜೊತೆಗೆ ಪರವಾನಗಿ ಚೀಟಿ ಇದ್ದರೆ ಗಾಡಿ ಹಾಯುವಂತೆ, ಈ ಪುಟ್ಟ ಗುರುತು ಇರುವ ಪ್ರೋಟೀನಿಗೆ ರಂಧ್ರ ದಾರಿ ಬಿಡುತ್ತದೆ.

ಆದರೆ ಗುರುತನ್ನು ಓದುವುದು ರಂಧ್ರವಲ್ಲ, ವಾಹಕ ಎನ್ನುವುದು 1990ರ ದಶಕದ ಕಾಣ್ಕೆ. 1992ರಲ್ಲಿ ನೊಮುರಾ ಅವರ ಗುಂಪು ಬೇರೊಂದು ಕೆಲಸದ ನಡುವೆ ಎಸ್‌ಆರ್‌ಪಿ–1 ಎಂಬ ಯೀಸ್ಟ್ ಜೀನನ್ನು ಗುರುತಿಸಿತ್ತು. 1994ರಲ್ಲಿ ಡಿರ್ಕ್ ಗೊರ್ಲಿಶ್ ಮತ್ತು ಸಂಗಡಿಗರು ಕಪ್ಪೆಯ ಮೊಟ್ಟೆಯಿಂದ ಇಂಪೋರ್ಟಿನ್ ಎಂಬ ವಾಹಕವನ್ನು ಬೇರ್ಪಡಿಸಿದಾಗ ಅದು ಆ ಯೀಸ್ಟ್ ಪ್ರೋಟೀನಿನ ನಂಟನೆಂದು ತಿಳಿಯಿತು. ಅದರ ಜೊತೆಗಾರನಾದ ಕ್ಯಾಪ್–95 ಮರುವರ್ಷ ಯೀಸ್ಟಿನಲ್ಲಿ ಸಿಕ್ಕಿತು. ಇಬ್ಬರೂ ಸೇರಿ ಗುರುತಿನ ಪ್ರೋಟೀನನ್ನು ಹಿಡಿದು ರಂಧ್ರದೊಳಗೆ ಹಾಯುತ್ತಾರೆ. ಇಂಥ ವಾಹಕಗಳ ಕುಟುಂಬದಲ್ಲಿ ಯೀಸ್ಟಿಗೆ 14 ಸದಸ್ಯರಿದ್ದು, ಕೆಲವು ಒಳಕ್ಕೆ ತರುತ್ತವೆ, ಕೆಲವು ಹೊರಕ್ಕೆ ಒಯ್ಯುತ್ತವೆ.

ವಾಹಕ ಸರಕನ್ನು ಒಳಗೇ ಇಳಿಸಬೇಕು, ದಾರಿಯಲ್ಲಿ ಅಲ್ಲ. ಇದನ್ನು ಖಚಿತಪಡಿಸುವುದು ರ‍್ಯಾನ್ ಎಂಬ ಸಣ್ಣ ಪ್ರೋಟೀನು, ಯೀಸ್ಟಿನಲ್ಲಿ ಇದರ ಹೆಸರು ಜಿಎಸ್‌ಪಿ–1. ಇದಕ್ಕೆ ಎರಡು ರೂಪಗಳಿವೆ: ಜಿಟಿಪಿ ಎಂಬ ಶಕ್ತಿಭರಿತ ಅಣುವನ್ನು ಹಿಡಿದದ್ದು ಒಂದು, ಅದು ಒಡೆದು ಉಳಿದ ಜಿಡಿಪಿಯನ್ನು ಹಿಡಿದದ್ದು ಇನ್ನೊಂದು. ಜಿಟಿಪಿ ತುಂಬುವ ಪಿಆರ್‌ಪಿ–20 ಎಂಬ ಪ್ರೋಟೀನು ಕೇಂದ್ರದ ಒಳಗೆ, ಅದನ್ನು ಒಡೆಸುವ ಆರ್‌ಎನ್‌ಎ–1 ಎಂಬ ಪ್ರೋಟೀನು ಹೊರಗೆ ಇರುವುದರಿಂದ, ಮೊದಲ ರೂಪ ಒಳಗೆ ಹೆಚ್ಚು, ಎರಡನೆಯದು ಹೊರಗೆ ಹೆಚ್ಚು. ಸರಕು ಹೊತ್ತ ವಾಹಕ ಒಳಗೆ ಬಂದೊಡನೆ ಜಿಟಿಪಿಯ ರ‍್ಯಾನ್ ಅದಕ್ಕೆ ಅಂಟಿ ಸರಕನ್ನು ಬಿಡಿಸುತ್ತದೆ. ವಾಹಕ ರ‍್ಯಾನ್‌ನೊಂದಿಗೆ ಹೊರಗೆ ಬಂದಾಗ ಜಿಟಿಪಿ ಒಡೆದು, ವಾಹಕ ಮುಂದಿನ ಸುತ್ತಿಗೆ ಸಿದ್ಧವಾಗುತ್ತದೆ. ಹೀಗೆ ಸಾಗಣೆಯ ದಿಕ್ಕನ್ನು ಗೊತ್ತುಮಾಡುವುದು ಪೊರೆಯ ಎರಡು ಬದಿಗಳ ನಡುವಿನ ಈ ವ್ಯತ್ಯಾಸ. ಆರ್‌ಎನ್‌ಎ–1 ಜೀನು ಕೆಟ್ಟ ಯೀಸ್ಟ್ ತಳಿಯನ್ನು ಹಾರ್ಟ್‌ವೆಲ್ ಮತ್ತು ಸಂಗಡಿಗರು 1969ರಲ್ಲೇ ವಿವರಿಸಿದ್ದರು. ಅದರ ಅರ್ಥ ತಿಳಿಯಲು ಕಾಲು ಶತಮಾನ ಹಿಡಿಯಿತು.

ರಂಧ್ರದ ರಚನೆಯನ್ನು ಬಿಡಿಸಿದ್ದು ಮುಖ್ಯವಾಗಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯ. 1993ರಲ್ಲಿ ಮೈಕೆಲ್ ರೌಟ್ ಮತ್ತು ಗುಂಟರ್ ಬ್ಲೋಬೆಲ್ ಯೀಸ್ಟಿನ ರಂಧ್ರಗಳನ್ನು ಇಡಿಯಾಗಿ ಬೇರ್ಪಡಿಸಿದರು; ಪ್ರೋಟೀನುಗಳು ತಮ್ಮ ವಿಳಾಸದ ಗುರುತನ್ನು ತಾವೇ ಹೊತ್ತಿರುತ್ತವೆ ಎಂಬ ಕಾಣ್ಕೆಗೆ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಬಂತು. 2018ರಲ್ಲಿ ಪ್ರಕಟವಾದ ವಿವರವಾದ ನಕ್ಷೆಯ ಪ್ರಕಾರ ಯೀಸ್ಟಿನ ಒಂದೊಂದು ರಂಧ್ರವೂ ಸುಮಾರು 30 ಬಗೆಯ, ಒಟ್ಟು 552 ಪ್ರೋಟೀನುಗಳ ಕಟ್ಟಡ. ಅದರ ನಡುವಿನ ಕಾಲುವೆಯಲ್ಲಿ ನಿಶ್ಚಿತ ಆಕಾರವಿಲ್ಲದ, ಎಳೆಎಳೆಯಾದ ಪ್ರೋಟೀನು ತುದಿಗಳು ತುಂಬಿಕೊಂಡಿರುತ್ತವೆ. ಸಣ್ಣ ಪ್ರೋಟೀನುಗಳು ಅವುಗಳ ನಡುವೆ ತಾವಾಗಿ ನುಸುಳುತ್ತವೆ. ದೊಡ್ಡವು ಆ ಎಳೆಗಳಿಗೆ ಅಂಟುತ್ತ ಬಿಡುತ್ತ ಸಾಗಬಲ್ಲ ವಾಹಕದ ಜೊತೆಯಲ್ಲಷ್ಟೇ ಹಾಯುತ್ತವೆ.

ಸಕ್ಕರೆಯ ಸುದ್ದಿ ಕೇಂದ್ರಕ್ಕೆ

ಕಸುಬಿನವರ ಅನುಭವಕ್ಕೆ ಈ ಅರಿವು ಬಂದು ಕೂಡುವುದು ಮಿಗ್–1 ಎಂಬ ಪ್ರೋಟೀನಿನಲ್ಲಿ. ಇನ್ವರ್ಟೇಸ್ ಕಿಣ್ವದ ಜೀನನ್ನು, ಗ್ಯಾಲಕ್ಟೋಸ್ ಮತ್ತು ಮಾಲ್ಟೋಸ್ ಬಳಸುವ ಜೀನುಗಳನ್ನು ತಡೆಹಿಡಿಯುವುದು ಇದರ ಕೆಲಸ ಎಂದು 1990ರ ದಶಕದ ನಡುವಿನ ಹೊತ್ತಿಗೆ ತಿಳಿದಿತ್ತು. 1997ರಲ್ಲಿ ಡಿ ವಿಟ್, ವ್ಯಾಡಲ್ ಮತ್ತು ಜಾನ್‌ಸ್ಟನ್ ಇದಕ್ಕೆ ಲೋಳೆಮೀನಿನಿಂದ ಬಂದ, ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜೋಡಿಸಿ ಜೀವಂತ ಯೀಸ್ಟಿನಲ್ಲಿ ಅದರ ಓಡಾಟವನ್ನು ನೋಡಿದರು. ಗ್ಲೂಕೋಸ್ ಹಾಕಿದ ಕೆಲವೇ ನಿಮಿಷಗಳಲ್ಲಿ ಹಸಿರು ಬೆಳಕು ಕೇಂದ್ರದಲ್ಲಿ ಸೇರಿತು. ಗ್ಲೂಕೋಸ್ ತೆಗೆದಾಗ ಹೊರಗೆ ಚದುರಿತು. ಗ್ಲೂಕೋಸ್ ಇಲ್ಲದಾಗ ಎಸ್‌ಎನ್‌ಎಫ್–1 ಎಂಬ ಕಿಣ್ವ ಮಿಗ್–1ಕ್ಕೆ ಫಾಸ್ಫೇಟ್ ಗುಂಪುಗಳನ್ನು ಅಂಟಿಸುತ್ತದೆ. ಹಾಗೆ ಅಂಟಿದ್ದನ್ನು ಎಂಎಸ್‌ಎನ್–5 ಎಂಬ ವಾಹಕ ಹೊರಕ್ಕೆ ಒಯ್ಯುತ್ತದೆ ಎಂದು 1999ರಲ್ಲಿ ಗೊತ್ತಾಯಿತು. ಇಲ್ಲಿ ಬಾಗಿಲು ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ. ಪ್ರೋಟೀನಿನ ಮೇಲಿನ ಗುರುತು ಬದಲಾಗಿ, ಒಳಬರುವ ಮತ್ತು ಹೊರಹೋಗುವ ಪ್ರಮಾಣಗಳ ತೂಕ ವಾಲುತ್ತದೆ.

ಇಷ್ಟರಿಂದ ಬೆಳಗಾವಿ–ಖಾನಾಪುರದ ನಾಲ್ಕು ಕಸುಬುಗಳನ್ನೂ ಮತ್ತೊಮ್ಮೆ ಓದಬಹುದು. ಗೇರುರಸದಲ್ಲಿ ಗ್ಲೂಕೋಸ್ ಮೊದಲೇ ಇರುವುದರಿಂದ ಮಿಗ್–1 ಕೇಂದ್ರದಲ್ಲಿ ನೆಲೆಸಿದ್ದರೂ ಯೀಸ್ಟಿಗೆ ಕೊರತೆಯಿಲ್ಲ. ಹೆಂಡ ಮತ್ತು ಬೆಲ್ಲದ ಕೊಳೆಯ ಸುಕ್ರೋಸನ್ನು ಇನ್ವರ್ಟೇಸ್ ಕೋಶದ ಹೊರಮೈಯಲ್ಲೇ ಒಡೆಯಬೇಕು. ಆದರೆ ಒಡೆದಾಗ ಬರುವ ಗ್ಲೂಕೋಸು ಅದೇ ಇನ್ವರ್ಟೇಸಿನ ಜೀನನ್ನು ತಡೆಯುವ ಮಿಗ್–1ನ್ನು ಕೇಂದ್ರಕ್ಕೆ ಕಳುಹಿಸುತ್ತದೆ, ಹೀಗೆ ಕೋಶ ಬೇಕಾದಷ್ಟೇ ಕಿಣ್ವ ಮಾಡಿಕೊಂಡು ಉಳಿದ ಶ್ರಮ ಉಳಿಸುತ್ತದೆ. ಹಿಟ್ಟಿನಲ್ಲಿರುವ ಅಲ್ಪ ಗ್ಲೂಕೋಸ್ ಮುಗಿಯುವವರೆಗೂ ಮಾಲ್ಟೋಸಿನ ಜೀನುಗಳು ಮಲಗಿರುತ್ತವೆ. ಕಣಕ ಉಬ್ಬುವುದು ನಡುವೆ ಮಂದವಾಗಿ ಮತ್ತೆ ಚುರುಕಾಗುವುದಕ್ಕೆ ಇದೂ ಒಂದು ಕಾರಣ. ಬೇಕರಿಗೆ ಬರುವ ಪೊಟ್ಟಣದ ಯೀಸ್ಟನ್ನು ಕಾರ್ಖಾನೆಯಲ್ಲಿ ಬೆಳೆಸುವ ಕ್ರಮವೂ ಇದಕ್ಕೆ ಸಾಕ್ಷಿ. ಮೊದಲ ಮಹಾಯುದ್ಧದ ಆಚೀಚಿನ ವರ್ಷಗಳಲ್ಲಿ ಜರ್ಮನಿ ಮತ್ತು ಡೆನ್ಮಾರ್ಕಿನ ತಯಾರಕರು ಕಾಕಂಬಿಯನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಉಣಿಸುತ್ತ ಗಾಳಿಯಾಡಿಸಿದರೆ ಮದ್ಯಸಾರ ಕಡಮೆಯಾಗಿ ಯೀಸ್ಟೇ ಹೆಚ್ಚುತ್ತದೆ ಎಂದು ಕಂಡುಕೊಂಡಿದ್ದರು. ಗ್ಲೂಕೋಸಿನ ಮಟ್ಟ ಎಂದೂ ಏರದಂತೆ ನೋಡಿಕೊಂಡು, ಕೇಂದ್ರದಲ್ಲಿನ ತಡೆ ಬೀಳದಂತೆ ಮಾಡುವ ಉಪಾಯ ಅದು ಎಂದು ತಿಳಿದದ್ದು ಎಷ್ಟೋ ದಶಕಗಳ ಮೇಲೆ.

ಕಬ್ಬಿನ ಜಿಲ್ಲೆಯ ಹೊಸ ಕಾಲ

ಬೆಳಗಾವಿ ಜಿಲ್ಲೆಯ ಹುದುಗಿನ ಕಸುಬು ಇಂದು ಮಡಿಕೆಯಿಂದ ದೊಡ್ಡ ಉಕ್ಕಿನ ತೊಟ್ಟಿಗಳಿಗೆ ಬಂದಿದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯಿಂದ ಮೊದಲುಗೊಂಡು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲಿನಲ್ಲಿ ಕಾರ್ಖಾನೆಗಳು ಸಾಲಾಗಿ ಎದ್ದು, ಜಿಲ್ಲೆ ರಾಜ್ಯದ ಕಬ್ಬಿನ ಮುಂಚೂಣಿಯಲ್ಲಿ ನಿಂತಿತು. ಸಕ್ಕರೆ ತಂತ್ರಜ್ಞಾನವನ್ನು ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿ ನಗರದಲ್ಲೇ ಇದೆ. ಕಾಕಂಬಿಯನ್ನು ನೀರು ಬೆರೆಸಿ ತೆಳುಮಾಡಿ, ಆಮ್ಲ ಮತ್ತು ಸಾರಜನಕದ ಪೋಷಕ ಸೇರಿಸಿ, 30 ಡಿಗ್ರಿಯ ಆಸುಪಾಸಿನಲ್ಲಿ ಯೀಸ್ಟಿಗೆ ಒಪ್ಪಿಸಿದರೆ ಒಂದು ಟನ್ನಿಗೆ 220ರಿಂದ 240 ಲೀಟರು ಮದ್ಯಸಾರ ಸಿಗುತ್ತದೆ. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇಕಡ 5ರಷ್ಟು ಎಥೆನಾಲ್ ಬೆರೆಸುವ ಯೋಜನೆ ಆರಂಭವಾಗಿ, ಆಮೇಲೆ ಶೇಕಡ 20ರ ಗುರಿ ಬಂದಾಗ, ಒಂದು ಕಾಲಕ್ಕೆ ಸರ್ಕಾರ ಹುಡುಕಿ ಹುಡುಕಿ ಚೆಲ್ಲಿಸುತ್ತಿದ್ದ ಮದ್ಯಸಾರವೇ ಸರ್ಕಾರ ಬೆಲೆಕಟ್ಟಿ ಕೊಳ್ಳಿಸುವ ಇಂಧನವಾಯಿತು.

ಕೇಂದ್ರಪ್ರವೇಶದ ಅರಿವು ಪ್ರಯೋಗಾಲಯದಲ್ಲೇ ನಿಂತಿಲ್ಲ. ಗ್ಲೂಕೋಸಿನ ತಡೆಯನ್ನು ಸಡಿಲಿಸಿ ಹಲವು ಸಕ್ಕರೆಗಳನ್ನು ಒಟ್ಟಿಗೆ ಬಳಸುವ ತಳಿಗಳನ್ನು ರೂಪಿಸಲು ಮಿಗ್–1ರಂಥ ಜೀನುಗಳನ್ನು ಅಳಿಸಿ ನೋಡುವ ಪ್ರಯತ್ನಗಳು ಜಗತ್ತಿನ ಹಲವೆಡೆ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಎನ್. ರಂಗರಾಜನ್ ಅವರ ಗುಂಪು ಪಿಕಿಯಾ ಎಂಬ ಇನ್ನೊಂದು ಯೀಸ್ಟಿನಲ್ಲಿ ಮೆಥನಾಲ್ ಬಳಕೆಯನ್ನು ನಿಯಂತ್ರಿಸುವ ಪ್ರೋಟೀನುಗಳನ್ನು ಅಭ್ಯಸಿಸಿದೆ. ಆದರೂ ಈ ಚರಿತ್ರೆಯಿಂದ ಮುಖ್ಯವಾಗಿ ಹೊರಡುವ ಮಾತು ಬೇರೆ. ಅಬಕಾರಿ, ಪಾನನಿಷೇಧ, ಪರವಾನಗಿ, ಇಂಧನ ನೀತಿ, ಇವೆಲ್ಲವೂ ಸಕ್ಕರೆಯನ್ನು ಯಾರು ಇಟ್ಟುಕೊಳ್ಳಬಹುದು, ಮದ್ಯಸಾರವನ್ನು ಯಾರು ಮಾರಬಹುದು ಎಂಬುದನ್ನು ಬದಲಿಸುತ್ತ ಬಂದವು; ಯಾವ ಸಕ್ಕರೆ ಮೊದಲು ಕರಗಬೇಕು ಎಂಬುದು ಮಾತ್ರ ಯಾವ ಕಾಯಿದೆಗೂ ಸಿಗದೆ ಉಳಿಯಿತು. ಕಸುಬಿನವರು ಆ ಕಟ್ಟಳೆಯನ್ನು ಕಾರಣ ತಿಳಿಯದೆಯೇ ಒಪ್ಪಿಕೊಂಡು, ತಮ್ಮ ಹೊತ್ತು, ಮಡಿಕೆ, ಬೆಂಕಿಗಳನ್ನು ಅದಕ್ಕೆ ಹೊಂದಿಸಿಕೊಂಡರು. ಬೆಳಗಾವಿ–ಖಾನಾಪುರದ ಹುದುಗಿನ ಇತಿಹಾಸವನ್ನು ಪೂರ್ಣವಾಗಿ ಬರೆಯಬೇಕಾದರೆ ಮುಂಬಯಿ ಸರ್ಕಾರದ ಕಡತಗಳ ಜೊತೆಗೆ ಈ ಕೈಯರಿವನ್ನೂ, ಅದಕ್ಕೆ ಕಾರಣ ಕೊಟ್ಟ ಕೋಶಕೇಂದ್ರದ ವಿಜ್ಞಾನವನ್ನೂ ಆಧಾರವಾಗಿ ಹಿಡಿಯಬೇಕಾಗುತ್ತದೆ.